ಜರ್ಮನಿಯಲ್ಲಿ ವಿಕಲಚೇತನರ ಕೇಂದ್ರಕ್ಕೆ ಒಂದು ವರ್ಷ ವಾಲಂಟಿಯರ್ ಆಗಿ ಹೋಗೋದು, ಹೋಗಿ ಬಂದವರು ಇದ್ರೆ ಹೇಳಿ

ಹಾವೇರಿ ಹುಡುಗಿ

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗುತ್ತೆ, ಬೇಜಾರ್ ಮಾಡ್ಕೋಬೇಡಿ. ನಾನು ಬಿಎಸ್‌ಡಬ್ಲ್ಯೂ (ಸಮಾಜಕಾರ್ಯ ಪದವಿ) ಮುಗಿಸಿ ದಾವಣಗೆರೆಯಲ್ಲಿ ಒಂದು ವಿಶೇಷ ಮಕ್ಕಳ ಶಾಲೆಯಲ್ಲಿ ಸಹಾಯಕಿಯಾಗಿದೀನಿ, ವಯಸ್ಸು 23. ಜರ್ಮನ್ ಭಾಷೆ ಎ2 ಪರೀಕ್ಷೆ ಪಾಸಾಗಿದೆ, ಅದರ ಮುಂದಿನ ಹಂತ ಬಿ1 ಕ್ಲಾಸ್ ನಡೀತಿದೆ. ಅಲ್ಲಿ ಬಿಎಫ್‌ಡಿ ಅಂತ ಒಂದು ವರ್ಷದ ಸರ್ಕಾರಿ ವಾಲಂಟಿಯರ್ ಸ್ಕೀಮ್ ಇದೆಯಲ್ಲ ಅದಕ್ಕೆ ಮೂರ್ನಾಲ್ಕು ಕಡೆ ಅರ್ಜಿ ಹಾಕಿದ್ದೆ, ಅದರಲ್ಲಿ ಒಂದು ಕೇಂದ್ರದವರು ವಿಡಿಯೋ ಕಾಲಲ್ಲಿ ಮಾತಾಡಿದ್ರು. ರಾಯ್ಟ್‌ಲಿಂಗೆನ್ ಹತ್ರ ಒಂದು ಸಣ್ಣ ಊರು, ಅಲ್ಲಿ ವಿಕಲಚೇತನರು ವಾಸ ಮಾಡೋ ಮನೆಗಳೂ ಇವೆ, ಹಗಲು ಹೊತ್ತು ಸುತ್ತಮುತ್ತಲಿನವರು ಬಂದು ಸೇರೋ ಕೇಂದ್ರಾನೂ ಇದೆ. ಮಾತಾಡಿದ ಮೇಡಂ ತುಂಬಾ ಚೆನ್ನಾಗಿ ಮಾತಾಡಿದ್ರು, ಆದ್ರೆ ನನಗೆ ಅರ್ಧ ಅರ್ಥ ಆಯ್ತು ಅರ್ಧ ಆಗ್ಲಿಲ್ಲ.

ನನ್ನ ಪ್ರಶ್ನೆ ಏನಂದ್ರೆ, ದಿನಾ ಅಲ್ಲಿ ನಿಜವಾಗಿ ಏನು ಕೆಲಸ ಇರುತ್ತೆ, ಅವರು ಕೊಡೋ ಪಾಕೆಟ್ ಮನೀಲಿ ಬದುಕೋಕಾಗುತ್ತಾ, ಮನೆಯಿಂದ ದುಡ್ಡು ತರಿಸಿಕೊಳ್ಳೋ ಸ್ಥಿತಿ ನಮ್ಮದಲ್ಲ. ಇನ್ನೊಂದು, ಇಲ್ಲಿ ಒಬ್ಬ ಏಜೆಂಟ್ ಮೂರು ಲಕ್ಷ ಕೊಟ್ರೆ ವೀಸಾ ಎಲ್ಲಾ ನಾನೇ ಮಾಡಿಸ್ತೀನಿ ಅಂತಿದಾರೆ, ನೇರವಾಗಿ ಹೋದ್ರೆ ರಿಜೆಕ್ಟ್ ಆಗುತ್ತೆ ಅಂತ ಹೆದರಿಸ್ತಾರೆ, ಅದು ನಿಜಾನಾ? ಮತ್ತೆ ಅಪ್ಪ ಒಂದೇ ಮಾತು ಹೇಳ್ತಾರೆ, ಸೇವೆ ಮಾಡೋಕೆ ಅಷ್ಟು ದೂರ ಯಾಕೆ ಹೋಗಬೇಕು, ನಮ್ಮೂರಲ್ಲಿ ಇಲ್ವಾ ಅಂತವರು ಅಂತ. ಅದಕ್ಕೆ ನನ್ನ ಹತ್ರ ಸರಿಯಾದ ಉತ್ತರ ಇಲ್ಲ. ನನಗೆ ಈ ಕೆಲಸ ಇಷ್ಟ, ಮುಂದೆನೂ ಇದೇ ಮಾಡಬೇಕು ಅನ್ನೋ ಆಸೆ. ಅನುಭವ ಇರೋರು ದಯವಿಟ್ಟು ಬರೀರಿ.

ನೆಕಾರ್ ದಂಡೆ

ನಾನು ಬಿಎಫ್‌ಡಿ ಮಾಡಿ ಈಗ ಸ್ಟುಟ್‌ಗಾರ್ಟ್ ಹತ್ರ ಇದೇ ಕ್ಷೇತ್ರದಲ್ಲಿ ಮೂರು ವರ್ಷದ ಟ್ರೇನಿಂಗ್ ಮಾಡ್ತಿದೀನಿ, ಮೂಲ ತುಮಕೂರು. ಮೊದಲು ಏಜೆಂಟ್ ವಿಷಯ ಮುಗಿಸಿಬಿಡೋಣ. ಒಂದು ರೂಪಾಯಿ ಕೊಡಬೇಡಿ. ಬಿಎಫ್‌ಡಿ ಅಂದ್ರೆ ಜರ್ಮನ್ ಸರ್ಕಾರದ ಸ್ಕೀಮು, ಕಡ್ಡಾಯ ಸೇನಾ ಸೇವೆ ನಿಲ್ಲಿಸಿದ ಮೇಲೆ 2011ರ ಜುಲೈನಿಂದ ಶುರುವಾದದ್ದು. ಅದಕ್ಕಿಂತ ಮುಂಚೆ ಸೇನೆಗೆ ಹೋಗೋಕೆ ಮನಸ್ಸಿಲ್ಲದ ಹುಡುಗರು ಅದರ ಬದಲಿಗೆ ಆಸ್ಪತ್ರೆ, ವೃದ್ಧಾಶ್ರಮ, ಇಂಥ ಕೇಂದ್ರಗಳಲ್ಲಿ ಕೆಲಸ ಮಾಡಬೇಕಿತ್ತು, ಅವರು ಬರೋದು ನಿಂತ ಮೇಲೆ ಕೈ ಕಮ್ಮಿಯಾಗಿ ಇದನ್ನ ತಂದ್ರು. ನಿಮ್ಮ ಕಾಂಟ್ರಾಕ್ಟ್ ಆಗೋದು ಕೊಲೋನ್‌ನಲ್ಲಿರೋ ಒಂದು ಕೇಂದ್ರ ಸರ್ಕಾರಿ ಇಲಾಖೆ ಜೊತೆ, ಬಿಎಎಫ್‌ಝಡ್‌ಎ ಅಂತಾರೆ. ಆ ಇಲಾಖೆ ಸಹಿ ಇರೋ ಪೇಪರ್ ಕೈಗೆ ಬಂತಾ ಅನ್ನೋದೇ ಮುಖ್ಯ ಪರೀಕ್ಷೆ. ಎಫ್‌ಎಸ್‌ಜೆ ಅಂತ ಇಂಥದ್ದೇ ಇನ್ನೊಂದು ವಾಲಂಟಿಯರ್ ಸ್ಕೀಮ್ ಇದೆ, ಅದು 1964ರಿಂದ ಇರೋದು, 27 ವರ್ಷದೊಳಗಿನವರಿಗೆ ಮಾತ್ರ, ಅದರಲ್ಲಿ ಕಾಂಟ್ರಾಕ್ಟ್ ಸಂಸ್ಥೆಗಳ ಜೊತೆ ಆಗುತ್ತೆ. ಬಿಎಫ್‌ಡಿಗೆ ವಯಸ್ಸಿನ ಮೇಲ್ಮಿತಿ ಇಲ್ಲ. ನನ್ನ ಬ್ಯಾಚಲ್ಲಿ ರಿಟೈರ್ ಆದ ಒಬ್ಬ ಟೀಚರಮ್ಮ ಇದ್ರು.

ವೀಸಾಗೆ ಬೆಂಗಳೂರಲ್ಲೇ ಜರ್ಮನ್ ಕಾನ್ಸುಲೇಟ್ ಇದೆ, ಅರ್ಜಿ ನೀವೇ ಹಾಕ್ಕೋಬಹುದು. ಕಾಂಟ್ರಾಕ್ಟಲ್ಲಿ ರೂಮು, ಊಟ, ಪಾಕೆಟ್ ಮನಿ, ಇನ್ಶೂರೆನ್ಸ್ ಇಷ್ಟೂ ಸ್ಪಷ್ಟವಾಗಿ ಬರೆಸಿಕೊಳ್ಳಿ. ಅದು ಕಮ್ಮಿ ಬಿದ್ರೆ ಉಳಿದ ದುಡ್ಡನ್ನ ಬ್ಲಾಕ್ಡ್ ಅಕೌಂಟಲ್ಲಿ (ಮೊದಲೇ ದುಡ್ಡಿಟ್ಟು ತಿಂಗಳಿಗೆ ಇಷ್ಟೇ ಅಂತ ತೆಗೆಯೋ ಖಾತೆ) ತೋರ್ಸಿ ಅಂತ ಕೇಳಬಹುದು, ಆಗ ಕಷ್ಟ. ಅದಕ್ಕೇ ರೂಮ್ ಕೊಡದೇ ಇರೋ ಜಾಗ ಎಷ್ಟೇ ಚೆನ್ನಾಗಿದ್ರೂ ಒಪ್ಪಬೇಡಿ, ಇಲ್ಲಿ ಬಾಡಿಗೆ ನಿಮ್ಮ ಪೂರ್ತಿ ಪಾಕೆಟ್ ಮನೀನ ನುಂಗಿಬಿಡುತ್ತೆ.

ದುಡ್ಡು ಅಂದ್ರೆ ಜಾಗ ನೋಡಿಕೊಂಡು ತಿಂಗಳಿಗೆ ಮುನ್ನೂರರಿಂದ ಐನೂರು ಯೂರೋ ಒಳಗೆ ಬರುತ್ತೆ ಅಂತ ಅಂದ್ಕೊಳ್ಳಿ. ಹೆಲ್ತ್ ಇನ್ಶೂರೆನ್ಸ್, ಪೆನ್ಶನ್ ಕಂತು ಎಲ್ಲಾ ಸಂಸ್ಥೆನೇ ಕಟ್ಟುತ್ತೆ. ವಿಮಾನದ ಟಿಕೆಟ್ ಸಾಮಾನ್ಯವಾಗಿ ನಿಮ್ಮದೇ. ರೂಮು ಊಟ ಸಿಕ್ರೆ ಸಾಕಾಗುತ್ತೆ, ಸ್ವಲ್ಪ ಉಳಿಯುತ್ತೆ ಕೂಡ, ಆದ್ರೆ ಊರಿಗೆ ಕಳಿಸೋ ಲೆಕ್ಕ ಹಾಕ್ಕೊಂಡು ಬರಬೇಡಿ. ಟಿವಿ ರೇಡಿಯೋ ಶುಲ್ಕ ಅಂತ ತಿಂಗಳಿಗೆ 18.36 ಯೂರೋ ಕೇಳಿ ಮನೆಗೆ ಪತ್ರ ಬರುತ್ತೆ, ಟಿವಿ ಇಲ್ದಿದ್ರೂ ಬರುತ್ತೆ. ಹಂಚಿಕೊಂಡ ಮನೆಯಾದ್ರೆ ಒಬ್ರು ಕಟ್ಟಿದ್ರೆ ಸಾಕು, ಬಂದ ತಕ್ಷಣ ಯಾರು ಕಟ್ತಿದಾರೆ ಅಂತ ಕೇಳ್ಕೊಳ್ಳಿ. ಆ ಪತ್ರ ನೋಡಿ ಮೂಲೆಗೆ ಹಾಕಿ ದಂಡ ಕಟ್ಟಿದೋರು ಬಹಳ ಜನ ಇದಾರೆ.

ಈಗ ಕೆಲಸ. ಬೆಳಿಗ್ಗೆ ಶಿಫ್ಟ್ ಆದ್ರೆ ಆರೂವರೆಗೆಲ್ಲಾ ಶುರು. ಎಬ್ಬಿಸೋದು, ಸ್ನಾನ, ಟಾಯ್ಲೆಟ್, ಡಯಾಪರ್ ಬದಲಾಯಿಸೋದು, ಬಟ್ಟೆ ಹಾಕೋದು, ಕಾಲಿಗೆ ಬಿಗಿ ಸಾಕ್ಸ್ ಏರಿಸೋದು, ಹಾಸಿಗೆಯಿಂದ ವೀಲ್‌ಚೇರಿಗೆ ಲಿಫ್ಟರ್ ಮೆಷಿನ್ನಲ್ಲಿ ಇಳಿಸೋದು. ಮೊದಲು ನೋಡ್ತೀರಿ, ಆಮೇಲೆ ಒಬ್ರ ಜೊತೆ ಮಾಡ್ತೀರಿ, ಆಮೇಲೆ ಒಬ್ರೇ. ಇದು ಬೇಡ ಅನ್ನೋರಿಗೆ ಡೇ ಸೆಂಟರ್ ಅಥವಾ ವರ್ಕ್‌ಶಾಪಲ್ಲಿ ಜಾಗ ಸಿಗುತ್ತೆ, ಅಲ್ಲಿ ಮೈ ತೊಳಿಸೋ ಕೆಲಸ ಕಮ್ಮಿ, ಅಡುಗೆ, ಪೇಂಟಿಂಗ್, ಸ್ಕ್ರೂ ಪ್ಯಾಕ್ ಮಾಡೋದು, ಹೊರಗೆ ಕರ್ಕೊಂಡು ಹೋಗೋದು ಜಾಸ್ತಿ. ಮಾತ್ರೆ ಕೊಡೋದು ನಿಮ್ಮ ಕೆಲಸ ಅಲ್ಲ, ಟ್ರೇನಿಂಗ್ ಆದ ಸ್ಟಾಫ್‌ದು. ಯಾರಾದ್ರೂ ಅವಸರದಲ್ಲಿ ಇದನ್ನ ಅವನಿಗೆ ಕೊಟ್ಟುಬಿಡು ಅಂದ್ರೂ ಬೇಡ ಅನ್ನಿ, ಯಾರೂ ತಪ್ಪು ತಿಳ್ಕೊಳಲ್ಲ.

ಒಂದು ವಿಷಯ ಮಾತ್ರ ವಿವರವಾಗಿ ಹೇಳ್ತೀನಿ, ಯಾಕಂದ್ರೆ ಯಾವ ಬ್ರೋಷರಲ್ಲೂ ಇರಲ್ಲ. ನಾನು ಕೆಲಸ ಮಾಡೋ ಮನೇಲಿ ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಮೈ ಹಿಡಿತಕ್ಕೆ ಬರದ ಸ್ಥಿತಿ) ಇರೋ ಒಬ್ರು ಇದಾರೆ, ಐವತ್ತು ದಾಟಿದೆ, ಮಾತು ಬರಲ್ಲ, ಹೌದು ಅಂದ್ರೆ ಕಣ್ಣು ಮೇಲೆತ್ತುತಾರೆ, ಅಲ್ಲ ಅಂದ್ರೆ ಮುಖ ಪಕ್ಕಕ್ಕೆ ತಿರುಗಿಸ್ತಾರೆ. ಅವರಿಗೆ ಊಟ ಮಾಡಿಸಬೇಕಾದ್ರೆ ನಿಂತ್ಕೊಂಡು ಮಾಡಿಸಬಾರದು, ಸ್ಟೂಲ್ ಎಳ್ಕೊಂಡು ಅವರ ಕಣ್ಣಿನ ಮಟ್ಟಕ್ಕೆ ಕೂರಬೇಕು. ತಟ್ಟೇಲಿ ಏನೇನಿದೆ ಅಂತ ಹೇಳಬೇಕು, ಯಾವುದು ಮೊದಲು ಅಂತ ಕೇಳಬೇಕು. ಚಮಚ ಅರ್ಧ ಮಾತ್ರ ತುಂಬಬೇಕು, ಕೆಳಗಿನಿಂದ ಬಾಯಿಗೆ ಹಿಡೀಬೇಕು, ಮೇಲಿಂದ ಹಿಡಿದ್ರೆ ತಲೆ ಹಿಂದಕ್ಕೆ ಹೋಗಿ ನೆತ್ತಿಗೆ ಹತ್ತುತ್ತೆ. ಗಂಟಲು ಒಂದ್ಸಲ ಮೇಲೆ ಕೆಳಗೆ ಆಡೋದು ಕಾಣೋ ತನಕ ಇನ್ನೊಂದು ಚಮಚ ಹತ್ರ ತರಬಾರದು. ನೀರು ಹಂಗೇ ಕೊಡೋ ಹಾಗಿಲ್ಲ, ಒಂದು ಪುಡಿ ಹಾಕಿ ಗಂಜಿ ತರ ಗಟ್ಟಿ ಮಾಡಿ ಕೊಡಬೇಕು, ಇಲ್ದಿದ್ರೆ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗುತ್ತೆ. ಹೊಸಬರು ಬಂದಾಗ ಅವರು ಸರಿಯಾಗಿ ತಿನ್ನಲ್ಲ, ತೂಕ ಇಳಿಯುತ್ತೆ. ಕೈ ಪಳಗಿದವರು ಬಂದಾಗ ಮುಖ ಅರಳುತ್ತೆ, ಅವರೇ ಬೇಕು ಅಂತ ಕಣ್ಣಲ್ಲೇ ತೋರಿಸ್ತಾರೆ. ಭಾಷೆ ಯಾಕೆ ಕೇಳ್ತಾರೆ ಅಂದ್ರೆ ಇದಕ್ಕೇ. ಪಕ್ಕದ ಸ್ಟಾಫ್ ನಿಲ್ಸು ಅಂತ ಕೂಗಿದ್ದು ಆ ಕ್ಷಣದಲ್ಲೇ ಅರ್ಥ ಆಗಬೇಕು. ವೀಸಾಗೆ ಎ2 ನಡೆಯುತ್ತಾ ಬಿ1 ಬೇಕಾ ಅನ್ನೋ ಲೆಕ್ಕ ಬಿಟ್ಟು ಬಿ1 ಮುಗಿಸಿನೇ ಬನ್ನಿ.

ತೀರ್ಥಹಳ್ಳಿ ತುಂಗೆ

ಏಜೆಂಟ್ ಬಗ್ಗೆ ನಾನೂ ಒಂದು ಮಾತು. ನನ್ನ ಚಿಕ್ಕಪ್ಪನ ಮಗ ಇದೇ ತರ ದುಡ್ಡು ಕೊಟ್ಟ, ಕೊಟ್ಟ ಮೇಲೆ ಗೊತ್ತಾಯ್ತು ಅವರು ಕಳಿಸಿದ್ದ ಆಫರ್ ಲೆಟರಲ್ಲಿದ್ದ ಸಂಸ್ಥೆಗೆ ಇವನ ಹೆಸರೇ ಗೊತ್ತಿಲ್ಲ ಅಂತ. ಸಂಸ್ಥೆಯ ವೆಬ್‌ಸೈಟಲ್ಲಿರೋ ನಂಬರಿಗೆ ನೀವೇ ಫೋನ್ ಮಾಡಿ, ಏಜೆಂಟ್ ಕೊಟ್ಟ ನಂಬರಿಗಲ್ಲ. ಪಾಸ್‌ಪೋರ್ಟ್ ಒರಿಜಿನಲ್, ಮಾರ್ಕ್ಸ್ ಕಾರ್ಡ್ ಒರಿಜಿನಲ್ ಯಾರ ಕೈಗೂ ಕೊಡಬೇಡಿ ತಂಗಿ. ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಕೇಳ್ತಾರೆ, ಅದನ್ನ ಪಾಸ್‌ಪೋರ್ಟ್ ಸೇವಾ ವೆಬ್‌ಸೈಟಲ್ಲಿ ನೀವೇ ಹಾಕ್ಕೋಬಹುದು, ಅದಕ್ಕೂ ಇವರು ಸಾವಿರಗಟ್ಲೆ ಕೀಳ್ತಾರೆ.

ಮೈಸೂರಿನ ತಾಯಿ

ಪುಟ್ಟಾ, ನಾನು ಹೋಗಿ ಬಂದವಳಲ್ಲ, ಆದ್ರೂ ಬರೀಬೇಕು ಅನ್ನಿಸ್ತು. ನನ್ನ ಮಗನಿಗೆ ಡೌನ್ ಸಿಂಡ್ರೋಮ್, ಈಗ ಇಪ್ಪತ್ತರ ಹತ್ರ. ಅವನು ಹಗಲು ಹೋಗೋ ಸೆಂಟರಿಗೆ ಹೊರದೇಶದಿಂದ ವಾಲಂಟಿಯರ್ಸ್ ಬರ್ತಾ ಇರ್ತಾರೆ, ಎರಡು ತಿಂಗಳು, ಮೂರು ತಿಂಗಳು. ಒಳ್ಳೆ ಮಕ್ಕಳೇ, ಪ್ರೀತಿಯಿಂದಾನೇ ಇರ್ತಾರೆ. ಒಬ್ಬಳು ಹುಡುಗಿ ಇವನಿಗೆ ಬಸ್ ನಂಬರ್ ಓದೋದು ಕಲಿಸಿದ್ಲು, ದಿನಾ ಸ್ಟಾಪಿಗೆ ಕರ್ಕೊಂಡು ಹೋಗಿ ಬೋರ್ಡ್ ತೋರಿಸೋಳು, ನಾನು ಅಷ್ಟು ವರ್ಷ ಆಗಲ್ಲ ಅಂದ್ಕೊಂಡಿದ್ದು ಅದು. ಅವಳು ಹೊರಟ ದಿನ ಸೆಂಟರ್‌ನವರು ಇವನಿಗೆ ಅಳು ಬರುತ್ತೆ ಅಂತ ಏನೂ ಹೇಳದೇ ಕಳಿಸಿಬಿಟ್ರು. ಮಾರನೇ ದಿನದಿಂದ ಇವನು ಗೇಟ್ ಹತ್ರ ನಿಂತ್ಕೊಳ್ಳೋಕೆ ಶುರು ಮಾಡಿದ. ಊಟಕ್ಕೆ ಕರೆದ್ರೂ ಬರಲ್ಲ, ಅವಳು ಬರ್ತಾಳೆ ಅಂತಾನೆ. ಬಸ್ ಹತ್ತೋಕೂ ಒಲ್ಲೆ ಅಂತ ಕೂತ, ಮತ್ತೆ ಹತ್ತಿಸೋಕೆ ನಮಗೆ ತುಂಬಾ ದಿನ ಹಿಡೀತು.

ಆ ಹುಡುಗಿದು ತಪ್ಪು ಅಂತ ನಾನು ಹೇಳ್ತಿಲ್ಲ. ನೀನು ಹೋಗೋ ಕಡೆ ಮೊದಲೇ ಕೇಳು, ಒಬ್ರು ಹೋಗಿ ಇನ್ನೊಬ್ರು ಬರೋವಾಗ ಅಲ್ಲಿರೋರಿಗೆ ಹೇಗೆ ತಿಳಿಸ್ತೀರಿ ಅಂತ. ಮೊದಲನೇ ವಾರದಿಂದಾನೇ ನಾನು ಇಂಥ ತಿಂಗಳವರೆಗೆ ಇರ್ತೀನಿ ಅಂತ ಕ್ಯಾಲೆಂಡರಲ್ಲಿ ನಿನ್ನ ಫೋಟೋ ಹಾಕಿ ತೋರ್ಸು. ಹೊರಡೋ ದಿನ ಎಲ್ರ ಕೈ ಹಿಡಿದು ಹೇಳಿ ಹೊರಡು, ಅತ್ರೆ ಅಳಲಿ. ಆಮೇಲೆ ಒಂದು ಕಾಗದ ಹಾಕು, ಪೋಸ್ಟಲ್ಲಿ ಬಂದ ಕಾಗದ ಅವರು ವರ್ಷಗಟ್ಲೆ ಇಟ್ಕೋತಾರೆ.

ಇನ್ನೊಂದು, ಅಲ್ಲಿರೋರ ಫೋಟೋ ತೆಗೆದು ಇನ್‌ಸ್ಟಾಗ್ರಾಮಲ್ಲಿ ಹಾಕೋದು ದಯವಿಟ್ಟು ಬೇಡ. ನನ್ನ ಮಗನ ಫೋಟೋ ಯಾರದೋ ಪೇಜಲ್ಲಿ ಎದೆ ಕರಗುತ್ತೆ ಅಂತ ಬರೆದು ಹಾಕಿದ್ದನ್ನ ನೋಡಿದಾಗ ನನಗಾದ ಸಂಕಟ ಹೇಳಕಾಗಲ್ಲ. ಅವನನ್ನ ಕೇಳಿದ್ರೆ ಬೇಡ ಅಂತಿದ್ದ, ಅವನಿಗೆ ಹೇಳೋಕೆ ಬರುತ್ತೆ.

ನೆಕಾರ್ ದಂಡೆ

ಅಮ್ಮಾ, ನೀವು ಬರೆದದ್ದನ್ನ ನಮ್ಮ ಟೀಮಿಗೆ ಜರ್ಮನ್‌ಲಿ ಹೇಳ್ತೀನಿ, ನಮ್ಮಲ್ಲೂ ಪ್ರತಿ ವರ್ಷ ಬೇಸಿಗೆ ಕೊನೇಲಿ ಇದೇ ಕಥೆ. ಫೋಟೋ ವಿಷಯ ಇಲ್ಲಿ ಕಾನೂನೇ ಇದೆ, ಅವರ ಅಥವಾ ಅವರ ಕಾನೂನು ಪಾಲಕರ ಒಪ್ಪಿಗೆ ಇಲ್ಲದೇ ಹಾಕೋ ಹಾಗಿಲ್ಲ. ಹೊರಗಡೆ ಬಸ್ಸಲ್ಲಿ ಕೂತು ಅವರ ಹೆಸರು ಹಿಡಿದು ಮಾತಾಡೋದೂ ಇಲ್ಲ, ಮೊದಲ ದಿನಾನೇ ಸಹಿ ಹಾಕಿಸ್ಕೋತಾರೆ.

ಧಾರವಾಡ ವೀಲ್‌ಚೇರ್

ನಾ ಧಾರವಾಡ ಕಡೆಯಾಂವ, ಸಣ್ಣಾಂವ ಇದ್ದಾಗ ಪೋಲಿಯೋ ಆತು, ನಮ್ಮ ಪಂಚಾಯ್ತಿಯೊಳಗ ವಿಆರ್‌ಡಬ್ಲ್ಯೂ ಕೆಲಸ ಮಾಡ್ತೀನಿ. ಗೊತ್ತಿಲ್ಲದವರಿಗೆ ಹೇಳ್ತೀನಿ, ಕರ್ನಾಟಕದಾಗ ಗ್ರಾಮ ಪಂಚಾಯ್ತಿಗೆ ಒಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ತಾಲೂಕಿಗೆ ಒಬ್ಬ ಎಂಆರ್‌ಡಬ್ಲ್ಯೂ ಅಂದ್ರ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ ಅಂತ ಇರ್ತಾರ, ಅದರಾಗ ಭಾಳ ಮಂದಿ ನಮ್ಮಂಥ ವಿಕಲಚೇತನರ. ಯುಡಿಐಡಿ ಅನ್ನೋ ವಿಕಲಚೇತನರ ಗುರುತಿನ ಕಾರ್ಡ್ ಮಾಡಿಸೋದು, ಮಾಸಾಶನದ ಅರ್ಜಿ ಬರೆಸೋದು, ತ್ರಿಚಕ್ರ ಸೈಕಲ್ ಕೊಡಿಸೋದು ನಮ್ಮ ಕೆಲಸ.

ತಂಗಿ, ನಿಮ್ಮ ಅಪ್ಪಾರ ಮಾತು ಸುಳ್ಳಲ್ರಿ. ನಾ ದಿನಾ ನೋಡ್ತೀನಿ, ಮನಿಯಿಂದ ಹೊರಗ ಬಾರದ ಮಂದಿ ಎಷ್ಟು ಅದಾರ ಅಂತ. ಒಂದೂರಾಗ ಒಬ್ಬಾಕಿ ಹುಡುಗಿ, ಹದಿನಾರ ವಯಸ್ಸು, ಮಳಿ ನೋಡಿದ್ದು ಕಿಟಕಿಯಿಂದ ಅಷ್ಟ. ಅಂಗಳಕ್ಕ ಎತ್ತಿಕೊಂಡು ಬರಾಕ ಯಾರೂ ಇಲ್ಲ, ತಾಯಿಗೆ ಬೆನ್ನು ಹೋಗೇತಿ. ಮಷಿನ್ನಿನಾಗ ಎತ್ತಿ ಇಳಿಸೋದು ಅಂತ ಮ್ಯಾಲೆ ಅಣ್ಣಾರು ಬರದಾರಲ್ಲ, ಅದನ್ನ ಓದಿ ನಂಗ ಆಕಿ ನೆನಪಾದ್ಲು. ಹಂಗಂತ ನೀವು ಹೋಗಬ್ಯಾಡ್ರಿ ಅನ್ನೂದಿಲ್ಲ. ಹೋಗ್ರಿ, ಆ ಊಟ ಮಾಡಿಸೋ ರೀತಿ, ಎತ್ತೋ ರೀತಿ, ಹುಣ್ಣಾಗದಂಗ ಮಗ್ಗಲು ಬದಲಿಸೋ ರೀತಿ ಕಲೀರಿ. ನಮ್ಮ ಹಳ್ಳಿಯೊಳಗ ಹಾಸಿಗಿ ಹುಣ್ಣು ಆಗಿ ಸಾಯ್ತಾರ್ರಿ ಜನ, ರೋಗದಿಂದಲ್ಲ. ಕಲತು ಬಂದು ಒಂದು ಹತ್ತು ಮಂದಿ ತಾಯಂದಿರಿಗೆ ತೋರಿಸಿದ್ರ ನಿಮ್ಮ ಅಪ್ಪಾರಿಗೆ ಅದಕ್ಕಿಂತ ಛಲೋ ಉತ್ತರ ಇನ್ನೇನು ಬೇಕು.

ಆದ್ರ ಒಂದು ಮಾತು ಗಟ್ಟಿ ಹೇಳ್ತೀನಿ. ಪಾಪ ಅನ್ನೂದು ಬ್ಯಾಡ. ವಿಕಲಚೇತನರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆ 2006ರಾಗ ಒಪ್ಪಂದ ಮಾಡ್ತು, ನಮ್ಮ ದೇಶ ಮರುವರ್ಷನ ಅದಕ್ಕ ಒಪ್ಪಿತು, 2016ರ ಕಾಯಿದಿಯೊಳಗ 21 ನಮೂನಿ ವೈಕಲ್ಯ ಸೇರಿಸಿದ್ರು. ನಾವು ಇಲ್ಲದ ನಮ್ಮ ಬಗ್ಗೆ ಏನೂ ತೀರ್ಮಾನ ಮಾಡಬ್ಯಾಡ್ರಿ ಅಂತ ಜಗತ್ತಿನ ಎಲ್ಲಾ ಕಡೆ ನಮ್ಮ ಮಂದಿ ಕೂಗಿ ಕೂಗಿ ಬಂದದ್ದು ಅದು. ನನ್ನ ಕುರ್ಚಿ ನನ್ನ ಮೈ ಇದ್ದಂಗ್ರಿ. ಕೇಳದ ಹಿಂದಿನಿಂದ ಬಂದು ತಳ್ಳಿದ್ರ ಎದಿ ಝಲ್ ಅಂತೈತಿ. ಮೊದಲು ಮುಂದ ಬಂದು ನಿಂತು ಕೇಳ್ರಿ, ಬ್ಯಾಡ ಅಂದ್ರ ಬಿಡ್ರಿ. ಬಾಗಲಾ ಬಡಿದು ಒಳಗ ಹೋಗ್ರಿ, ಅದು ಅವರ ಮನಿ.

ನೆಕಾರ್ ಅಣ್ಣಾರ, ನಂದೊಂದು ಪ್ರಶ್ನೆ, ನನ್ನಂಥಾಂವ ವಾಲಂಟಿಯರ್ ಆಗಿ ಅಲ್ಲಿಗೆ ಬರಾಕ ಆಗ್ತೈತೇನು?

ಅಬರ್ಡೀನ್ ಮಳೆ

ನಾನು ಸ್ಕಾಟ್ಲೆಂಡಲ್ಲಿ ಕ್ಯಾಂಪ್‌ಹಿಲ್ ಅನ್ನೋ ಸಮುದಾಯದಲ್ಲಿ ಒಂದು ವರ್ಷ ಇದ್ದೆ. ಜರ್ಮನಿಯ ಸ್ಕೀಮಿಗೂ ಇದಕ್ಕೂ ಸ್ವಲ್ಪ ವ್ಯತ್ಯಾಸ ಇದೆ, ಅದಕ್ಕೇ ಬರೀತಿದೀನಿ, ಜರ್ಮನ್ ಕಲಿಯೋಕಾಗದವರು ಇದನ್ನ ನೋಡಬಹುದು.

ಇದನ್ನ ಶುರು ಮಾಡಿದ್ದು ಕಾರ್ಲ್ ಕೋನಿಗ್ ಅಂತ ವಿಯೆನ್ನಾದ ಮಕ್ಕಳ ಡಾಕ್ಟರು, ಯಹೂದಿ ಮನೆತನ, 1938ರಲ್ಲಿ ನಾಝಿಗಳು ಆಸ್ಟ್ರಿಯಾ ಹಿಡಿದಾಗ ಓಡಿ ಬಂದೋರು. ಜೊತೆಗಿದ್ದ ಯುವಕರ ಗುಂಪೂ ಹಾಗೇ ನಿರಾಶ್ರಿತರು. 1940ರ ಬೇಸಿಗೇಲಿ ಅಬರ್ಡೀನ್ ಪಕ್ಕ ಡೀ ನದಿ ಹತ್ರ ಕ್ಯಾಂಪ್‌ಹಿಲ್ ಅನ್ನೋ ಮನೆಗೆ ಬಂದು ಸೇರಬೇಕು ಅನ್ನೋ ಹೊತ್ತಿಗೆ ಬ್ರಿಟಿಷ್ ಸರ್ಕಾರ ಗಂಡಸರನ್ನೆಲ್ಲಾ ಶತ್ರು ದೇಶದವರು ಅಂತ ಹಿಡ್ಕೊಂಡು ಹೋಯ್ತು. ಹೆಂಗಸರೇ ಮಕ್ಕಳನ್ನ ಕರ್ಕೊಂಡು ಜೂನ್ 1ಕ್ಕೆ ಮನೆ ತುಂಬಿದ್ರು. ಹೋಗೋಕೆ ಜಾಗ ಇಲ್ಲದವರು, ಸಮಾಜ ಬೇಡ ಅಂದ ಮಕ್ಕಳಿಗೆ ಜಾಗ ಮಾಡಿದ್ದು ಅದು, ನನಗೆ ಇವತ್ತಿಗೂ ಆಶ್ಚರ್ಯ. ಈಗ ಇಪ್ಪತ್ತಕ್ಕೂ ಹೆಚ್ಚು ದೇಶಗಳಲ್ಲಿ ನೂರಕ್ಕೂ ಮಿಕ್ಕಿ ಕಡೆ ಇವೆ.

ಅಲ್ಲಿ ಶಿಫ್ಟ್ ಮುಗೀತು ಮನೆಗೆ ಹೋದೆ ಅಂತಿಲ್ಲ. ಒಂದೇ ಮನೇಲಿ ಅವರೂ ನೀವೂ ಇರೋದು, ಒಂದೇ ಟೇಬಲ್ಲಲ್ಲಿ ಮೂರೂ ಹೊತ್ತು ಊಟ. ನ್ಯೂಟನ್ ಡೀ ಅಂತ ಅವರದೊಂದು ಹಳ್ಳೀನೇ ಇದೆ, ಅಲ್ಲಿ ಬೇಕರಿ, ಹೊಲ, ಹಸು, ಮರದ ಆಟಿಕೆ ಮಾಡೋ ಶೆಡ್, ಅಂಗಡಿ, ಕೆಫೆ, ಊರವರೆಲ್ಲಾ ಬಂದು ಕಾಫಿ ಕುಡಿದು ಬ್ರೆಡ್ ತಗೊಂಡು ಹೋಗ್ತಾರೆ. ಬ್ರೆಡ್ ಮಾಡೋರು ಅಲ್ಲಿ ವಾಸ ಇರೋ ವಿಕಲಚೇತನರು. ಅವರ ಕೆಲಸ ನಿಜವಾದ ಕೆಲಸ, ಬ್ರೆಡ್ ಆಗ್ಲಿಲ್ಲ ಅಂದ್ರೆ ಊರಿಗೆ ಬ್ರೆಡ್ ಇಲ್ಲ. ಈ ಜೀವನ ಎಲ್ರಿಗೂ ಆಗಿಬರಲ್ಲ. ನಿಮಗೆ ಅಂತ ಒಂದು ಬಾಗಿಲು ಹಾಕ್ಕೊಳ್ಳೋ ಸಮಯ ಬೇಕು, ವಾರದ ರಜೆ ದಿನ ಮನೇಲಿ ಕೂತ್ರೆ ಅದು ರಜೆ ಆಗಲ್ಲ, ಬಸ್ ಹಿಡಿದು ಸಿಟಿಗೆ ಹೋಗಿಬಿಡಿ.

ಬ್ರಿಟನ್ನಿಗೆ ಚಾರಿಟಿ ವರ್ಕರ್ ವೀಸಾ ಬೇಕು, ಗರಿಷ್ಠ 12 ತಿಂಗಳು, ಸಂಬಳದ ಕೆಲಸ ಮಾಡೋ ಹಾಗಿಲ್ಲ, ಸಂಸ್ಥೆ ಸ್ಪಾನ್ಸರ್ ಲೈಸೆನ್ಸ್ ಇರೋದಾಗಿರಬೇಕು. ಅದು ಮುಗಿದ್ರೆ ವಾಪಸ್ ಬರಲೇಬೇಕು ಅಂತ ಅಂದ್ಕೊಂಡೇ ಹೋಗಿ. ಸ್ಕಾಟ್ಲೆಂಡಲ್ಲಿ ಪಿವಿಜಿ ಅಂತ ಒಂದು ತಪಾಸಣೆ ಇದೆ, ದುರ್ಬಲರ ಜೊತೆ ಕೆಲಸ ಮಾಡೋ ಎಲ್ರ ಪೊಲೀಸ್ ದಾಖಲೆ ನೋಡ್ತಾರೆ. ಅದಕ್ಕೆ ಬೇಜಾರು ಮಾಡ್ಕೋಬೇಡಿ. ದೊಡ್ಡ ಹೆಸರು ಇದ್ದ ತಕ್ಷಣ ಎಲ್ಲಾ ಸರಿ ಅಂತ ಅಲ್ಲ. ಲಾರ್ಶ್ ಅನ್ನೋ ಸಂಸ್ಥೆ ಗೊತ್ತಿರಬಹುದು, 1964ರಲ್ಲಿ ಫ್ರಾನ್ಸಲ್ಲಿ ಜಾನ್ ವಾನಿಯೇ ಶುರು ಮಾಡಿದ್ದು, ಬುದ್ಧಿ ಬೆಳವಣಿಗೆ ಕಮ್ಮಿ ಇರೋರ ಜೊತೆ ಒಂದೇ ಮನೇಲಿ ಬಾಳೋದು ಅನ್ನೋ ವಿಚಾರ ಜಗತ್ತಿಗೆಲ್ಲಾ ಹರಡಿದ್ದು ಅವರಿಂದ. ಭಾರತದಲ್ಲಿ ಅವರ ಮೊದಲ ಮನೆ ಆಶಾ ನಿಕೇತನ ಅಂತ ಬೆಂಗಳೂರಲ್ಲೇ 1970ರಲ್ಲಿ ಶುರುವಾಯ್ತು. ಆತ ತೀರಿಕೊಂಡ ಮೇಲೆ 2020ರಲ್ಲಿ ಆ ಸಂಸ್ಥೆನೇ ತನಿಖೆ ಮಾಡಿಸಿ ಆತ ಹಲವು ಮಹಿಳೆಯರನ್ನ ಲೈಂಗಿಕವಾಗಿ ಶೋಷಣೆ ಮಾಡಿದ್ದ ಅಂತ ಬಹಿರಂಗವಾಗಿ ಹೇಳ್ತು. ಸಂತ್ರಸ್ತರು ವಿಕಲಚೇತನರಲ್ಲ, ಆದ್ರೂ ನಂಬಿಕೆ ಇಟ್ಟವರಿಗೆಲ್ಲಾ ಬಿದ್ದ ಪೆಟ್ಟು ಅದು. ಮುಚ್ಚಿಡದೆ ಹೇಳಿದ್ದು ನನಗೆ ಸರಿ ಅನ್ನಿಸ್ತು. ಅದಕ್ಕೇ ತಂಗಿ, ಇಂಟರ್‌ವ್ಯೂನಲ್ಲಿ ಸಂಕೋಚ ಬಿಟ್ಟು ಕೇಳಿ, ನನಗೆ ಏನಾದ್ರೂ ತಪ್ಪು ನಡೀತಿದೆ ಅನ್ನಿಸಿದ್ರೆ ಮ್ಯಾನೇಜರ್ ಬಿಟ್ಟು ಬೇರೆ ಯಾರಿಗೆ ಹೇಳಬಹುದು ಅಂತ. ಹೆಸರು, ನಂಬರ್ ಹೇಳೋಕೆ ತಡವರಿಸೋ ಜಾಗಕ್ಕೆ ಹೋಗಬೇಡಿ.

ನೆಕಾರ್ ದಂಡೆ

ಧಾರವಾಡ ಅಣ್ಣ, ಬಿಎಫ್‌ಡಿ ವಿಕಲಚೇತನರಿಗೂ ಮುಕ್ತ ಇದೆ. ನಮ್ಮ ಪಕ್ಕದ ಸಂಸ್ಥೇಲಿ ವೀಲ್‌ಚೇರ್ ಬಳಸೋ ಒಬ್ಬಳು ಹುಡುಗಿ ಡೇ ಸೆಂಟರಲ್ಲಿ ವಾಲಂಟಿಯರ್ ಆಗಿದ್ಲು, ಇಲ್ಲಿಯವಳೇ. ಹೊರದೇಶದಿಂದ ಬರೋರಿಗೆ ಮೆಟ್ಟಿಲಿಲ್ಲದ ರೂಮು, ಬಾತ್‌ರೂಮು ಹೊಂದಿಸೋದೇ ತಲೆನೋವು, ಅದನ್ನ ಅರ್ಜಿ ಹಾಕುವಾಗಲೇ ಬರೆದು ಕೇಳಿ, ಲಿಫ್ಟ್ ಇರೋ ವಸತಿ ಇರೋ ದೊಡ್ಡ ಸಂಸ್ಥೆಗಳಿಗೆ ಮೊದಲು ಬರೀರಿ. ನಿಮ್ಮ ವಿಆರ್‌ಡಬ್ಲ್ಯೂ ಅನುಭವ ಇಲ್ಲಿನ ಬಹಳ ಜನಕ್ಕಿಲ್ಲ. ನೀವು ಬರೋದಾದ್ರೆ ನಾನು ಸಂಸ್ಥೆಗಳಿಗೆ ಜರ್ಮನ್‌ಲಿ ಮೇಲ್ ಬರೆದುಕೊಡ್ತೀನಿ, ಮೆಸೇಜ್ ಮಾಡಿ.

ಹಾವೇರಿ ಹುಡುಗಿ

ಎಲ್ರಿಗೂ ತುಂಬಾ ಥ್ಯಾಂಕ್ಸ್. ಅಮ್ಮ ಬರೆದದ್ದನ್ನ ನಮ್ಮ ಮನೇಲಿ ಜೋರಾಗಿ ಓದಿದೆ, ಧಾರವಾಡ ಅಣ್ಣ ಬರೆದದ್ದನ್ನ ಅಪ್ಪ ತಾವೇ ಫೋನ್ ಇಸ್ಕೊಂಡು ಓದಿದ್ರು, ಆ ಕಿಟಕಿ ಹುಡುಗಿ ಯಾವೂರು ಅಂತ ಕೇಳ್ತಿದಾರೆ. ಏಜೆಂಟಿಗೆ ಬೇಡ ಅಂತ ಹೇಳಿಬಿಟ್ಟೆ. ಇನ್ನೊಂದು ಡೌಟು, ನೆಕಾರ್ ಅಣ್ಣ. ಆ ಕೇಂದ್ರದ ಸುತ್ತ ಏನಿದೆ ಅಂತ ಮ್ಯಾಪ್ ನೋಡ್ತಿದ್ದೆ, ಹತ್ರದಲ್ಲೇ ಗ್ರಾಫೆನೆಕ್ ಅಂತ ಸ್ಮಾರಕ ತೋರಿಸ್ತು. ಮೇಡಂ ಕೂಡ ಮಾತಲ್ಲಿ ಆ ಹೆಸರು ಹೇಳಿದ್ರು, ಸೆಮಿನಾರಲ್ಲಿ ಅಲ್ಲಿಗೆ ಕರ್ಕೊಂಡು ಹೋಗ್ತೀವಿ ಅಂದಂಗಿತ್ತು. ಅದೇನು?

ನೆಕಾರ್ ದಂಡೆ

ವರ್ಷಕ್ಕೆ 25 ದಿನ ಸೆಮಿನಾರ್ ಇರುತ್ತೆ ವಾಲಂಟಿಯರ್ಸಿಗೆ, ನನ್ನನ್ನೂ ಅದರಲ್ಲೇ ಅಲ್ಲಿಗೆ ಕರ್ಕೊಂಡು ಹೋಗಿದ್ರು. ಗುಡ್ಡದ ಮೇಲೆ ಒಂದು ಹಳೇ ಅರಮನೆ, ಸುತ್ತ ಬೀಚ್ ಮರದ ಕಾಡು. ಅದು ಮೊದಲು ವಿಕಲಚೇತನರ ಆಶ್ರಮವೇ ಆಗಿತ್ತು, ಒಂದು ಕ್ರೈಸ್ತ ಸಂಸ್ಥೆ ನಡೆಸ್ತಿತ್ತು. 1939ರ ಅಕ್ಟೋಬರಲ್ಲಿ ನಾಝಿ ಸರ್ಕಾರ ವಶಪಡಿಸಿಕೊಂಡು ಅಲ್ಲಿದ್ದವರನ್ನ ಹೊರಗೆ ಹಾಕ್ತು. 1940ರ ಜನವರಿಯಿಂದ ಡಿಸೆಂಬರ್ ವರೆಗೆ ಸುತ್ತಲಿನ ಆಸ್ಪತ್ರೆ, ಆಶ್ರಮಗಳಿಂದ ಬೂದು ಬಣ್ಣದ ಬಸ್ಸುಗಳಲ್ಲಿ ಬುದ್ಧಿಮಾಂದ್ಯರು, ಮಾನಸಿಕ ರೋಗಿಗಳು, ಮೂರ್ಛೆ ರೋಗದವರು ಎಲ್ರನ್ನೂ ತಂದು ಕಾರ್ಬನ್ ಮೊನಾಕ್ಸೈಡ್ ಬಿಟ್ಟು ಕೊಂದ್ರು. 10,654 ಜನ, ಆ ಒಂದೇ ಜಾಗದಲ್ಲಿ. ಮನೆಯವರಿಗೆ ಏನೋ ಕಾಯಿಲೆ ಬಂದು ತೀರಿಕೊಂಡ್ರು ಅಂತ ಸುಳ್ಳು ಪತ್ರ. ಇಂಥ ಕೇಂದ್ರಗಳು ಆರು ಇದ್ವು, ಒಟ್ಟು ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನರನ್ನ ಹೀಗೆ ಮುಗಿಸಿದ್ರು. ವ್ಯುರ್ಟೆಂಬರ್ಗ್ ಬಿಷಪ್ ವುರ್ಮ್ 1940ರ ಜುಲೈನಲ್ಲೇ ಗೃಹಮಂತ್ರಿಗೆ ಪತ್ರ ಬರೆದು ವಿರೋಧಿಸಿದ್ರು, 1941ರ ಆಗಸ್ಟಲ್ಲಿ ಮ್ಯುನ್‌ಸ್ಟರ್ ಬಿಷಪ್ ಫೋನ್ ಗಾಲೆನ್ ಚರ್ಚಲ್ಲೇ ನಿಂತು ಇದು ಕೊಲೆ ಅಂತ ಹೇಳಿದ್ರು, ಅದೇ ತಿಂಗಳು ಗ್ಯಾಸ್ ನಿಲ್ಸಿದ್ರು. ಆಮೇಲೂ ಆಸ್ಪತ್ರೆಗಳಲ್ಲಿ ಔಷಧಿ ಕೊಟ್ಟು, ಉಪವಾಸ ಹಾಕಿ ಕೊಲ್ಲೋದು ನಡೀತಾನೇ ಇತ್ತು.

ಯುದ್ಧ ಮುಗಿದ ಮೇಲೆ ಆ ಜಾಗ ವಾಪಸ್ ಅದೇ ಸಂಸ್ಥೆಗೆ ಸಿಕ್ತು, ಇವತ್ತೂ ಅಲ್ಲಿ ವಿಕಲಚೇತನರು ವಾಸ ಮಾಡ್ತಾರೆ, ಪಕ್ಕದಲ್ಲೇ ದಾಖಲೆ ಕೇಂದ್ರ ಇದೆ. ನಾವು ಹೋದಾಗ ಅಲ್ಲೇ ವಾಸ ಇರೋ ಒಬ್ರು ನಮ್ಮ ಗುಂಪಿನ ಜೊತೆ ನಡ್ಕೊಂಡು ಬಂದ್ರು, ಹೆಸರುಗಳ ಪುಸ್ತಕ ಇರೋ ಕಡೆ ನಿಂತು ಪುಟ ತಿರುಗಿಸಿ ತಮ್ಮ ಹೆಸರೇ ಇರೋ ಬೇರೊಬ್ರನ್ನ ತೋರಿಸಿದ್ರು. ಇದನ್ನ ತಿಳ್ಕೊಂಡು ಕೆಲಸಕ್ಕೆ ಹೋದ್ರೆ ಇಲ್ಲಿನವರು ಬಾಗಿಲು ಬಡಿಯೋದು, ಪ್ರತಿಯೊಂದಕ್ಕೂ ಒಪ್ಪಿಗೆ ಕೇಳೋದು, ಯಾರಿಗೆ ಮೈ ಮೇಲೆ ಗಾಯದ ಕಲೆ ಕಂಡ್ರೂ ಬರೆದಿಡೋದು ಯಾಕೆ ಅಂತ ಅರ್ಥ ಆಗುತ್ತೆ. ವಯಸ್ಸಾದ ಅಮ್ಮಂದಿರು ಮಗನ್ನ ನೋಡೋಕೆ ಬಂದು ಸಣ್ಣ ವಿಷಯಕ್ಕೂ ಹತ್ತು ಸಲ ಕೇಳಿದ್ರೆ ಬೇಜಾರು ಮಾಡ್ಕೋಬೇಡಿ, ಕೆಲವರ ಮನೇಲಿ ದೊಡ್ಡಪ್ಪನೋ ಅತ್ತೆನೋ ಆ ಬಸ್ಸಲ್ಲಿ ಹೋದವರು ಇರ್ತಾರೆ.

ಈಗ ಮಾಡಬೇಕಾದ್ದು ಹೇಳ್ತೀನಿ. ಹೆಚ್ಚಿನ ಜಾಗಗಳು ಆಗಸ್ಟ್ ಸೆಪ್ಟೆಂಬರಲ್ಲಿ ಹೊಸಬರನ್ನ ತಗೋತಾರೆ, ಅದಕ್ಕೆ ತಿಂಗಳುಗಟ್ಲೆ ಮುಂಚೆ ಕಾಂಟ್ರಾಕ್ಟ್ ಕೈಲಿರಬೇಕು, ವೀಸಾ ಅಪಾಯಿಂಟ್‌ಮೆಂಟಿಗೆ ಕಾಯಬೇಕಾಗುತ್ತೆ. ಬಿ1 ಪರೀಕ್ಷೆ ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಬರೆಯೋದಾದ್ರೆ ಸೀಟು ಬೇಗ ತುಂಬುತ್ತೆ, ಈಗಲೇ ದಿನಾಂಕ ನೋಡಿ. ಆ ಮೇಡಂಗೆ ಮೇಲ್ ಹಾಕಿ ಆ ಮನೆಯ ಒಂದು ವಾರದ ದಿನಚರಿ ಕಳಿಸಿ ಅಂತ ಕೇಳಿ, ರೂಮಿನ ಫೋಟೋ ಕೇಳಿ, ಮಾತು ಬರದವರ ಜೊತೆ ಚಿತ್ರದ ಕಾರ್ಡ್ ಬಳಸ್ತಾರಾ ಕಂಪ್ಯೂಟರ್ ಬಳಸ್ತಾರಾ ಅಂತ ಕೇಳಿ, ಅದನ್ನ ಇಲ್ಲಿಂದಲೇ ನೋಡಿಕೊಂಡು ಬರಬಹುದು. ಆ ಕಡೆ ಜನ ಸ್ವೇಬಿಷ್ ಮಾತಾಡ್ತಾರೆ, ಕ್ಲಾಸಲ್ಲಿ ಕಲಿತ ಜರ್ಮನ್ ತರ ಕೇಳ್ಸಲ್ಲ, ಮೊದಲ ತಿಂಗಳು ಯಾರೂ ಅರ್ಥ ಆಗಲ್ಲ, ಹೆದರಬೇಡಿ, ನಿಧಾನ ಹೇಳಿ ಅಂತ ಕೇಳಿ. ಸಸ್ಯಾಹಾರಿ ಆದ್ರೆ ಅದನ್ನೂ ಮೊದಲೇ ಹೇಳಿ, ರಾತ್ರಿ ಊಟ ಅಂದ್ರೆ ಇಲ್ಲಿ ತಣ್ಣಗಿನ ಬ್ರೆಡ್ಡು ಚೀಸು, ಒಂದು ಸಣ್ಣ ಕುಕ್ಕರ್ ತಗೊಂಡು ಬನ್ನಿ.

ಧಾರವಾಡ ವೀಲ್‌ಚೇರ್

ಅಣ್ಣಾರ, ಮೆಸೇಜ್ ಹಾಕೀನಿ ನೋಡ್ರಿ. ತಂಗಿ, ನಿಮ್ಮ ಅಪ್ಪಾರಿಗೆ ನನ್ನ ನಂಬರ್ ಬೇರೆ ಕಳಿಸ್ತೀನಿ. ಅವರು ಬರ್ತಾರಂದ್ರ ಆ ಹುಡುಗಿ ತಾಯಿಗೆ ಮೊದಲು ಕೇಳಿ ಹೇಳ್ತೀನಿ, ಬಾಗಲಿಗೆ ಒಂದು ರ್‍ಯಾಂಪ್ ಕಟ್ಟಾಕ ಆಳು ಬೇಕಾಗ್ಯಾರ.